ವಾರದ ಪಾಠಯೋಜನೆ ಶುಕ್ರವಾರದಿಂದ ಶುರುವಾಗಲಿ: ಪ್ರಾಥಮಿಕ ತರಗತಿಗೊಂದು ಸಮಗ್ರ ಮಾರ್ಗದರ್ಶಿ

ವಾರದ ಯೋಜನೆ ಬರೆಯಲು ಕೂತಾಗ ಹೆಚ್ಚಿನವರು ಸೋಮವಾರದ ಮೊದಲ ಪೀರಿಯಡ್‌ನಿಂದ ಶುರು ಮಾಡುತ್ತಾರೆ. ಸೋಮವಾರದ ಖಾನೆ ತುಂಬಿ ಹೋಗುತ್ತದೆ. ಮಂಗಳವಾರದ್ದೂ ಚೆನ್ನಾಗಿರುತ್ತದೆ. ಗುರುವಾರಕ್ಕೆ ಬರುವಷ್ಟರಲ್ಲಿ ಕೈ ಸೋತು "ಮುಂದುವರಿದ ಭಾಗ" ಅಂತ ಬೀಳುತ್ತದೆ. ಶುಕ್ರವಾರಕ್ಕೆ "ಪುನರಾವರ್ತನೆ" ಅಂತ ಒಂದೇ ಪದ. ನೋಡೋಕೆ ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ವಾರ ಮುಗಿದಾಗ ಮಗು ತಾನೇ ತಾನಾಗಿ ಏನು ಮಾಡಬಲ್ಲದು ಅಂತ ಆ ಪುಟದಲ್ಲಿ ಎಲ್ಲೂ ಇರುವುದಿಲ್ಲ.

ನಾನು ಹೇಳುವುದು ಇದರ ಉಲ್ಟಾ ದಾರಿ. ಶುಕ್ರವಾರದ ಕೆಲಸ ಮೊದಲು ಬರೆಯಿರಿ, ಬುಧವಾರದ ಅರ್ಧ ದಿನ ಖಾಲಿ ಬಿಡಿ, ಉಳಿದದ್ದನ್ನು ಮಕ್ಕಳ ಉತ್ತರ ನೋಡಿ ತುಂಬಿ. ಮಾತು ಗಾಳಿಯಲ್ಲಿ ತೇಲದೇ ಇರಲಿ ಅಂತ ಮೂರನೇ ತರಗತಿಯ ಒಂದು ವಾರವನ್ನೇ ಹಿಡಿದುಕೊಂಡು ಹೋಗೋಣ. ಗಣಿತದಲ್ಲಿ ದಶಕ ಸಹಿತ ವ್ಯವಕಲನ, ಅಂದರೆ ಬಿಡಿ ಸಾಲದಾಗ ಹತ್ತರ ಸ್ಥಾನದಿಂದ ಒಂದು ಹತ್ತನ್ನು ತೆಗೆದುಕೊಂಡು ಕಳೆಯುವುದು. ಪರಿಸರ ಅಧ್ಯಯನದಲ್ಲಿ ಬೀಜ ಮೊಳೆಯುವುದು. ಭಾಷೆಯಲ್ಲಿ ಒತ್ತಕ್ಷರದ ಪದಗಳನ್ನು ಓದಿ, ಬಳಸಿ ಬರೆಯುವುದು. ನಿಮ್ಮ ತರಗತಿಯ ವಿಷಯ ಬೇರೆ ಇರಬಹುದು, ಕ್ರಮ ಇದೇ.

## ಹೆಜ್ಜೆ 1: ಶುಕ್ರವಾರದ ಪ್ರಶ್ನೆ ಬರೆಯಿರಿ

ಒಂದು ಖಾಲಿ ಹಾಳೆ ತಗೊಳ್ಳಿ. ಪುಟಸಂಖ್ಯೆ, ಕಲಿಕಾ ಫಲ, ಚಟುವಟಿಕೆಯ ಹೆಸರು ಯಾವುದೂ ಈಗ ಬೇಡ. ಶುಕ್ರವಾರ ಮಗುವಿನ ಮುಂದೆ ಇಡುವ ಪ್ರಶ್ನೆಯನ್ನೇ, ಮಗುವಿಗೆ ಹೇಳುವ ಮಾತಿನಲ್ಲೇ ಬರೆಯಿರಿ:

- 53 − 27 ಎಷ್ಟು? ಹೇಗೆ ಮಾಡಿದೆ ಅಂತ ಚಿತ್ರ ಬರೆದು ತೋರಿಸು.
- ಬೀಜ ಮೊಳೆಯಲು ಏನು ಬೇಕು, ಏನು ಬೇಕಾಗಿಲ್ಲ? ನೀನು ಕಣ್ಣಾರೆ ನೋಡಿದ್ದನ್ನೇ ಕಾರಣವಾಗಿ ಕೊಡು.
- ನಮ್ಮ ಬೀಜಗಳ ಬಗ್ಗೆ ಐದು ವಾಕ್ಯ ಬರೆ. ಬರೆದದ್ದನ್ನು ಗೆಳೆಯರಿಗೆ ಓದಿ ಹೇಳು.

"ಮಕ್ಕಳು ವ್ಯವಕಲನವನ್ನು ಅರ್ಥ ಮಾಡಿಕೊಳ್ಳುವರು" ಅಂತ ಬರೆದರೆ ಯಾರಿಗೆ ಅರ್ಥವಾಯಿತು, ಯಾರಿಗೆ ಆಗಲಿಲ್ಲ ಅಂತ ಪತ್ತೆ ಹಚ್ಚುವುದು ಹೇಗೆ? ಮೇಲಿನ ಮೂರು ಪ್ರಶ್ನೆಗೆ ಉತ್ತರ ಕಾಗದದ ಮೇಲೆ ಬರುತ್ತದೆ. ನೀವು ಅದನ್ನು ಕೈಯಲ್ಲಿ ಹಿಡಿದು ನೋಡಬಹುದು.

ಸಂಖ್ಯೆಗಳನ್ನು ಆರಿಸುವಾಗ ಸ್ವಲ್ಪ ಜಾಸ್ತಿ ಹೊತ್ತು ಯೋಚಿಸಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಈ ಲೆಕ್ಕದಲ್ಲಿ ಮಕ್ಕಳು ಮಾಡುವ ತಪ್ಪು ಮುಖ್ಯವಾಗಿ ಎರಡು ಬಗೆ. ಒಂದು, ಬಿಡಿಸ್ಥಾನದಲ್ಲಿ ಯಾವುದು ಮೇಲಿದೆ ಅಂತ ನೋಡದೆ ದೊಡ್ಡ ಅಂಕೆಯಿಂದ ಚಿಕ್ಕದನ್ನು ಕಳೆಯುವುದು. ಇನ್ನೊಂದು, ಹತ್ತನ್ನು ತೆಗೆದುಕೊಂಡು ಹತ್ತರ ಸ್ಥಾನದಲ್ಲಿ ಒಂದು ಕಡಿಮೆ ಮಾಡಲು ಮರೆಯುವುದು. ಈಗ 52 − 27 ಕೊಟ್ಟು ನೋಡಿ. ಸರಿ ಉತ್ತರ 25. ಮೊದಲ ತಪ್ಪು ಮಾಡಿದ ಮಗು 7ರಿಂದ 2 ಕಳೆದು 5, ಆಮೇಲೆ 5ರಿಂದ 2 ಕಳೆದು 3, ಹೀಗೆ 35 ಬರೆಯುತ್ತದೆ. ಎರಡನೇ ತಪ್ಪು ಮಾಡಿದ ಮಗು 12ರಿಂದ 7 ಕಳೆದು 5, ಆಮೇಲೆ 5ರಿಂದ 2 ಕಳೆದು 3, ಅದೂ 35! ಇಬ್ಬರ ತಲೆಯಲ್ಲಿ ನಡೆದದ್ದೇ ಬೇರೆ, ಉತ್ತರ ಮಾತ್ರ ಒಂದೇ. ಕೆಳಗಿನ ಬಿಡಿ ಅಂಕೆ ಮೇಲಿನದಕ್ಕಿಂತ ಸರಿಯಾಗಿ 5 ಹೆಚ್ಚಿದ್ದರೆ ಯಾವಾಗಲೂ ಹೀಗೇ ಆಗುತ್ತದೆ. 53 − 27 ಕೊಟ್ಟರೆ ಮೊದಲ ತಪ್ಪಿಗೆ 34, ಎರಡನೆಯದಕ್ಕೆ 36, ಸರಿ ಉತ್ತರ 26. ಉತ್ತರ ನೋಡಿದ ಕೂಡಲೇ ಮಗು ಎಲ್ಲಿ ಎಡವಿತು ಅಂತ ಗೊತ್ತಾಗುತ್ತದೆ. ಒಂದು ಅಂಕೆ ಬದಲಿಸಿದ್ದಕ್ಕೆ ಇಷ್ಟು ಲಾಭ.

## ಹೆಜ್ಜೆ 2: ವಾರವನ್ನು ತೆಳುವಾಗಿ ಹರಡಿ

ಸೋಮವಾರ ಪೂರ್ತಿ ಗಣಿತ, ಮಂಗಳವಾರ ಪೂರ್ತಿ ಭಾಷೆ ಅಂತ ಕಟ್ಟುವ ಬದಲು, ಮೂರೂ ವಿಷಯ ದಿನಾ ಸ್ವಲ್ಪ ಸ್ವಲ್ಪ ಬರಲಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಎಂಬ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ದಿನವೇ ಭರ್ರನೆ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ ಅನ್ನುವುದು ಅವನಿಗೆ ಕಂಡದ್ದು. ಒಂದೇ ಸಲ ಹೆಚ್ಚು ಹೊತ್ತು ಓದುವುದಕ್ಕಿಂತ ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದರೆ ಚೆನ್ನಾಗಿ ಉಳಿಯುತ್ತದೆ ಅಂತಲೂ ಅವನು ಗಮನಿಸಿದ್ದ. ಒಂದೂವರೆ ಗಂಟೆಯ ವ್ಯವಕಲನವನ್ನು ಒಂದೇ ದಿನ ಸುರಿಯುವ ಬದಲು ನಾಲ್ಕು ದಿನಕ್ಕೆ ಹಂಚುವುದು ಅದಕ್ಕೇ.

ವೇಳಾಪಟ್ಟಿ ನಿಮ್ಮ ಕೈಯಲ್ಲಿಲ್ಲ ಅನ್ನುತ್ತೀರಾ? ಪರವಾಗಿಲ್ಲ. ಪೀರಿಯಡ್ ಹಾಗೇ ಇರಲಿ. ದಿನದ ಮೊದಲ ಹತ್ತು ನಿಮಿಷ ಮತ್ತು ಕೊನೆಯ ಹತ್ತು ನಿಮಿಷ ನಿಮ್ಮದಾಗಿರುತ್ತದೆ ಅಲ್ವಾ, ಅಷ್ಟು ಸಾಕು.

ಬುಧವಾರದ ಎರಡನೇ ಅರ್ಧ ಖಾಲಿ ಇರಬೇಕು. ತುಂಬಬೇಕು ಅಂತ ಕೈ ಚಡಪಡಿಸುತ್ತದೆ, ತುಂಬಬೇಡಿ. ಮಂಗಳವಾರ ಸಂಜೆ, ಮಕ್ಕಳು ಉತ್ತರ ಬರೆದು ಕೊಟ್ಟ ಚೀಟಿ ನೋಡಿದ ಮೇಲೆ ಅಲ್ಲಿ ಏನು ಬರಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

## ಹೆಜ್ಜೆ 3: ಸಾಮಗ್ರಿ

ಇಬ್ಬರು ಮಕ್ಕಳಿಗೆ ಒಂದರಂತೆ ಕಡ್ಡಿಯ ಪೊಟ್ಟಣ: ಹತ್ತರ ಐದು ಕಟ್ಟು, ಮೂರು ಬಿಡಿ ಕಡ್ಡಿ, ಸುಲಭವಾಗಿ ಬಿಚ್ಚುವ ರಬ್ಬರ್ ಬ್ಯಾಂಡ್. ನಾಲ್ಕು ಪಾರದರ್ಶಕ ಲೋಟ, ಹತ್ತಿ, ಲೋಟಕ್ಕೆ ಹತ್ತರಂತೆ ಹೆಸರುಕಾಳು. ಹತ್ತೇ ಯಾಕೆ ಅಂದರೆ ಎಷ್ಟು ಮೊಳೆತವು ಅಂತ ಮಕ್ಕಳೇ ಎಣಿಸಿ ಹೋಲಿಸಬಹುದು. ಬೀಜವನ್ನು ಮೊದಲೇ ನೆನೆಸಿ ತರಬೇಡಿ. ನೆನೆಸಿದರೆ "ನೀರಿಲ್ಲದ ಲೋಟ"ದ ಬೀಜವೂ ನೀರು ಕುಡಿದು ಬಂದಿರುತ್ತದೆ, ಪ್ರಯೋಗವೇ ಕೆಡುತ್ತದೆ. ಅಂಗೈಯಗಲದ ಚೀಟಿಗಳು ಒಂದು ಕಟ್ಟು ಇಟ್ಟುಕೊಳ್ಳಿ. ಇಷ್ಟೇ.

## ಸೋಮವಾರ: ಕಲಿಸುವ ಮೊದಲು ನೋಡಿ

ಬೆಳಿಗ್ಗೆ ಚೀಟಿ ಹಂಚಿ. ಮೂರು ಪ್ರಶ್ನೆ, ಹತ್ತು ನಿಮಿಷ. 58 − 23 ಎಷ್ಟು? 43 ಅಂದರೆ 3 ಹತ್ತು ಮತ್ತು ಎಷ್ಟು ಬಿಡಿ? 53 − 27 ಎಷ್ಟು? ಕೊನೆಯದು ಬರದಿದ್ದರೆ ಬಿಡಬಹುದು ಅಂತ ಮೊದಲೇ ಹೇಳಿ. ಅಂಕ ಹಾಕಬೇಡಿ, ಚೀಟಿ ವಾಪಸ್ ಕೊಡಬೇಡಿ, ಶುಕ್ರವಾರಕ್ಕೆ ಬೇಕು.

ಎರಡನೇ ಪ್ರಶ್ನೆಯ ಮೇಲೇ ಎಲ್ಲ ನಿಂತಿದೆ. 43 ಅಂದರೆ 4 ಹತ್ತು 3 ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಅದೇ 43 ಅನ್ನು 3 ಹತ್ತು 13 ಬಿಡಿ ಅಂತಲೂ ನೋಡಬಹುದು ಅನ್ನುವುದು ಗೊತ್ತಿಲ್ಲದ ಮಗುವಿಗೆ ದಶಕ ಸಹಿತ ವ್ಯವಕಲನ ಬರೀ ಗೀಟು ಹಾಕಿ ಒಂದು ಅಂಕೆ ಬರೆಯುವ ಆಟ. ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಇಲ್ಲಿ ನಿಂತರೆ ಮಂಗಳವಾರ ಕಳೆಯುವುದಕ್ಕೆ ಹೋಗಲೇಬೇಡಿ. ಕಟ್ಟು ಬಿಚ್ಚುವುದು, ಮತ್ತೆ ಕಟ್ಟುವುದು, ಅಷ್ಟೇ ಮಾಡಿಸಿ.

ಆಮೇಲೆ ಬೀಜ. ಮಕ್ಕಳ ಕೈಯಿಂದಲೇ ನಾಲ್ಕು ಲೋಟ ಸಿದ್ಧವಾಗಲಿ. ಮೊದಲನೆಯದು: ಒದ್ದೆ ಹತ್ತಿ, ಬೆಳಕಿನಲ್ಲಿ. ಎರಡನೆಯದು: ಒದ್ದೆ ಹತ್ತಿ, ಮುಚ್ಚಿದ ಡಬ್ಬಿಯ ಕತ್ತಲಲ್ಲಿ. ಮೂರನೆಯದು: ಒಣ ಹತ್ತಿ. ನಾಲ್ಕನೆಯದು: ಲೋಟದ ತುಂಬ ನೀರು, ಬೀಜ ಪೂರ್ತಿ ಮುಳುಗಿರಬೇಕು. ಪ್ರತಿ ಮಗುವೂ ಯಾವ ಲೋಟದ್ದು ಮೊಳೆಯುತ್ತದೆ, ಯಾವುದು ಮೊಳೆಯುವುದಿಲ್ಲ ಅಂತ ಊಹಿಸಿ, ಹೆಸರಿನ ಸಮೇತ ಗೋಡೆಯ ಹಾಳೆಯಲ್ಲಿ ಬರೆಯಲಿ. ಊಹೆ ಬರೆದ ಮಗು ಮರುದಿನ ಓಡಿ ಬಂದು ಲೋಟ ನೋಡುತ್ತದೆ. ಬರೆಯದ ಮಗುವಿಗೆ ಅಷ್ಟು ಕುತೂಹಲ ಇರುವುದಿಲ್ಲ. ಕತ್ತಲಲ್ಲಿ ಇಟ್ಟದ್ದು ಮೊಳೆಯುವುದಿಲ್ಲ ಅಂತ ಬಹಳ ಮಕ್ಕಳು ಬರೆಯುತ್ತಾರೆ. ಬರೆಯಲಿ. ನಿಮ್ಮ ಮುಖದಲ್ಲಿ ಉತ್ತರ ಕಾಣದಂತೆ ನೋಡಿಕೊಳ್ಳಿ.

ಇಲ್ಲೊಂದು ಅಭ್ಯಾಸ ಸೇರಿಸಿಕೊಳ್ಳಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಹೆಸರು ಕರೆಯಿರಿ. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಅಂತ ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. ಮೂರು ಸೆಕೆಂಡಾದರೂ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ. ಮೂರು ಸೆಕೆಂಡು ಎಷ್ಟು ಉದ್ದ ಅಂತ ಮಕ್ಕಳ ಮುಂದೆ ನಿಂತಾಗಲೇ ಗೊತ್ತಾಗೋದು!

ಭಾಷೆಗೆ ಇಂದು ಎಂಟು ಹತ್ತು ಸಾಲಿನ ಒಂದು ಗದ್ಯ. ಮೊದಲು ನೀವು ಭಾವ ತುಂಬಿ ಓದಿ, ಮಕ್ಕಳು ಬೆರಳಿಟ್ಟು ಹಿಂಬಾಲಿಸಲಿ. ಆಮೇಲೆ ಜೋಡಿ ಪದಗಳ ಆಟ: ಕತೆ–ಕತ್ತೆ, ಬಲೆ–ಬಲ್ಲೆ, ಹಳಿ–ಹಳ್ಳಿ, ಮೊನೆ–ಮೊನ್ನೆ. ನೀವು ಒಂದು ಪದ ಹೇಳಿ, ಒತ್ತು ಕೇಳಿಸಿದರೆ ಮಕ್ಕಳು ಚಪ್ಪಾಳೆ ತಟ್ಟಲಿ. ಕಿವಿಗೆ ಬೀಳದ ಒತ್ತು ಕೈಗೆ ಬರುವುದಿಲ್ಲ. "ಅಜ್ಜಿ ಕತೆ ಹೇಳಿದಳು" ಅನ್ನೋದನ್ನು "ಅಜ್ಜಿ ಕತ್ತೆ ಹೇಳಿದಳು" ಅಂತ ಓದಿ ನೋಡಿ, ಆ ನಗುವಿನಲ್ಲೇ ಅರ್ಧ ಪಾಠ ಮುಗಿದಿರುತ್ತದೆ.

## ಮಂಗಳವಾರ: ಕಟ್ಟು ಬಿಚ್ಚುವ ದಿನ

ಜೆರೋಮ್ ಬ್ರೂನರ್ ಎಂಬ ಮನೋವಿಜ್ಞಾನಿ 1960ರ ದಶಕದಲ್ಲಿ ಕಲಿಕೆಯ ಮೂರು ಬಗೆ ಹೇಳಿದರು: ಕೈಯಿಂದ ಮಾಡುವುದು, ಚಿತ್ರವಾಗಿ ಕಾಣುವುದು, ಚಿಹ್ನೆಯಾಗಿ ಬರೆಯುವುದು. ಇಂದಿನ ಗಣಿತ ಇದೇ ಸರಣಿಯಲ್ಲಿ ನಡೆಯಲಿ. ಪುಸ್ತಕ ಮುಚ್ಚಿರಲಿ.

ಪ್ರತಿ ಜೋಡಿಯ ಮುಂದೆ 53 ಕಡ್ಡಿ. ಒಂದು ಮಗು ಅಂಗಡಿಯವನು, ಇನ್ನೊಂದು ಗಿರಾಕಿ. ಗಿರಾಕಿ 27 ಕಡ್ಡಿ ಕೇಳುತ್ತಾನೆ. ಅಂಗಡಿಯವನು ಎರಡು ಕಟ್ಟು ಕೊಡುತ್ತಾನೆ. ಈಗ 7 ಬಿಡಿ ಕಡ್ಡಿ ಬೇಕು, ಇರುವುದು ಮೂರು. ಇಲ್ಲಿ ನೀವು ಸುಮ್ನೆ ಇರಿ. ಕೆಲವರು ಪಕ್ಕದ ಜೋಡಿಯಿಂದ ಕೇಳಲು ಹೋಗುತ್ತಾರೆ. ಕೆಲವರು "ಆಗಲ್ಲ ಮಿಸ್" ಅನ್ನುತ್ತಾರೆ. ಯಾರೋ ಒಬ್ಬರು ಕಟ್ಟಿನ ರಬ್ಬರ್ ಬ್ಯಾಂಡ್ ತೆಗೆಯುತ್ತಾರೆ. ಆ ಮಗುವನ್ನು ಎಲ್ಲರ ಮುಂದೆ ಕರೆದು, ಏನು ಮಾಡಿದೆ ಅಂತ ಅದರ ಬಾಯಿಂದಲೇ ಹೇಳಿಸಿ.

ಇನ್ನೊಂದು ಸಲ ಮೊದಲಿನಿಂದ ಮಾಡಿಸಿ. ಈ ಸಲ ಕೊಡುವ ಮೊದಲೇ ಒಂದು ಕಟ್ಟು ಬಿಚ್ಚಲಿ. ಬಿಚ್ಚಿದ ಮೇಲೆ ಕೇಳಿ: "ಈಗ ನಿನ್ನ ಹತ್ತಿರ ಒಟ್ಟು ಎಷ್ಟು ಕಡ್ಡಿ ಇದೆ?" ಈ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಸಾಕಷ್ಟು ಮಕ್ಕಳು ಮತ್ತೆ ಒಂದರಿಂದ ಎಣಿಸುತ್ತಾರೆ. ಕಟ್ಟು ಬಿಚ್ಚಿದರೂ 53 ಹಾಗೇ ಇದೆ, 4 ಹತ್ತು 13 ಬಿಡಿ ಆಗಿದೆ ಅಷ್ಟೇ ಅಂತ ಮಗುವಿಗೆ ಹೊಳೆಯುವ ಜಾಗ ಇದು. ಅವಸರ ಮಾಡಿದರೆ ಮುಂದಿನ ಮೂರು ದಿನವೂ ತೊಡಕು.

ಇದಾದ ಮೇಲೆ ಕಡ್ಡಿ ಬದಿಗಿಟ್ಟು ಚಿತ್ರ: ಹತ್ತಕ್ಕೆ ಉದ್ದ ಗೆರೆ, ಬಿಡಿಗೆ ಚುಕ್ಕಿ. ಒಂದು ಗೆರೆ ಹೊಡೆದುಹಾಕಿ ಹತ್ತು ಚುಕ್ಕಿ ಇಡಬೇಕು. ಅಂಕೆಗಳಲ್ಲಿ ಬರೆಯುವುದು ಕೊನೆಗೆ, ಚಿತ್ರದ ಪಕ್ಕದಲ್ಲೇ. ಮೇಲೆ ಬರೆಯುವ ಪುಟ್ಟ 4 ಮತ್ತು 13 ಎಲ್ಲಿಂದ ಬಂತು ಅಂತ ಮಗು ಚಿತ್ರದ ಮೇಲೆ ಬೆರಳಿಟ್ಟು ತೋರಿಸಬೇಕು. ತೋರಿಸದಿದ್ದರೆ ಇನ್ನೂ ಕಡ್ಡಿಯೇ ಬೇಕು ಅಂತ ಅರ್ಥ.

ದಿನದ ಕೊನೆಗೆ ಒಂದೇ ಪ್ರಶ್ನೆಯ ಚೀಟಿ: 42 − 18. ಬರೆದು ಕೊಟ್ಟು ಹೊರಗೆ ಹೋಗಬೇಕು.

ಬೀಜಕ್ಕೆ ಇಂದು ಐದು ನಿಮಿಷ. ನೋಡುವುದು, ಚಿತ್ರ ಬರೆಯುವುದು, ಹತ್ತಿ ಒಣಗಿದ್ದರೆ ನೀರು ಚಿಮುಕಿಸುವುದು. ಭಾಷೆಯಲ್ಲಿ ನಿನ್ನೆಯ ಗದ್ಯವನ್ನೇ ಜೋಡಿಯಾಗಿ ಓದುವುದು. ಅದನ್ನೇ ಮತ್ತೆ ಓದಿದರೆ ಬೇಜಾರಾಗುತ್ತೆ ಅಂತ ನಮಗೆ ಅನಿಸುತ್ತದೆ. ತಡವರಿಸುವ ಮಗುವಿಗೆ ಮಾತ್ರ, ಎರಡನೇ ಸಲ ಸಲೀಸಾಗಿ ಓದಿದ ಖುಷಿಯೇ ಬೇರೆ.

## ಮಂಗಳವಾರ ಸಂಜೆ: ಚೀಟಿ ಬೇರ್ಪಡಿಸಿ

ಇಡೀ ವಾರದಲ್ಲಿ ಇದಕ್ಕಿಂತ ಮುಖ್ಯವಾದ ಹದಿನೈದು ನಿಮಿಷ ಇನ್ನೊಂದಿಲ್ಲ ಅಂತ ನನ್ನ ಲೆಕ್ಕ. ಮೇಜಿನ ಮೇಲೆ ನಾಲ್ಕು ರಾಶಿ ಮಾಡಿ.

24 ಬರೆದವರು. ಸರಿ. ಇವರಿಗೆ ಅದೇ ಬಗೆಯ ಇಪ್ಪತ್ತು ಲೆಕ್ಕ ಕೊಟ್ಟು ಶಿಕ್ಷೆ ಮಾಡಬೇಡಿ. "ಒಬ್ಬಳು 42 − 18 = 36 ಅಂತ ಬರೆದಿದ್ದಾಳೆ. ಅವಳು ಏನು ಯೋಚಿಸಿರಬಹುದು?" ಅಂತ ಕೇಳಿ. ಅಥವಾ 50 − 27 ಕೊಡಿ, ಸೊನ್ನೆ ಬಂದಾಗ ಏನಾಗುತ್ತೆ ನೋಡಿ.

36 ಬರೆದವರು. 8ರಿಂದ 2 ಕಳೆದಿದ್ದಾರೆ. ಇವರಿಗೆ 42 ಒಂದು ಸಂಖ್ಯೆಯಾಗಿ ಕಾಣುತ್ತಿಲ್ಲ, ಎರಡು ಬಿಡಿ ಅಂಕೆಯಾಗಿ ಕಾಣುತ್ತಿದೆ. ಮತ್ತೆ ಕಡ್ಡಿಗೆ ಕರೆದುಕೊಂಡು ಹೋಗಿ.

34 ಬರೆದವರು. ಕಟ್ಟು ಬಿಚ್ಚಬೇಕು ಅಂತ ಗೊತ್ತಿದೆ, ಬಿಚ್ಚಿದ ಕಟ್ಟನ್ನು ಲೆಕ್ಕದಿಂದ ತೆಗೆಯಲು ಮರೆತಿದ್ದಾರೆ. ಇವರಿಗೆ ಕಡ್ಡಿ ಬೇಡ, ಚಿತ್ರ ಸಾಕು. ಗೆರೆ ಹೊಡೆದುಹಾಕಿದ ಮೇಲೆಯೇ ಚುಕ್ಕಿ ಇಡುವ ರೂಢಿ ಮಾಡಿಸಿ.

ಬೇರೆ ಏನೋ ಬರೆದವರು. 60 ಬಂದಿದ್ದರೆ ಕೂಡಿದ್ದಾರೆ. 23 ಅಥವಾ 25 ಬಂದಿದ್ದರೆ ಕ್ರಮ ಗೊತ್ತಿದೆ, ಎಣಿಕೆಯಲ್ಲಿ ಒಂದು ತಪ್ಪಿದೆ. ಉಳಿದವರನ್ನು ಕರೆದು ಮಾತಾಡಿಸದೆ ಏನೂ ಹೇಳೋಕಾಗಲ್ಲ.

## ಬುಧವಾರ: ಖಾಲಿ ಬಿಟ್ಟ ಜಾಗ

ಈಗ ಖಾಲಿ ಅರ್ಧ ದಿನಕ್ಕೆ ಕೆಲಸ ಬಂತು. ರಾಶಿಗೆ ತಕ್ಕಂತೆ ಗುಂಪು ಮಾಡಿ. ಗುಂಪಿಗೆ ಜಾಣರು, ಹಿಂದುಳಿದವರು ಅನ್ನುವ ವಾಸನೆ ಬರುವ ಯಾವ ಹೆಸರೂ ಬೇಡ. "ಕಡ್ಡಿ ಮೇಜು", "ಚಿತ್ರದ ಮೇಜು", "ಪತ್ತೇದಾರಿ ಮೇಜು" ಅಂದರೆ ಸಾಕು. ನೀವು ಕಡ್ಡಿ ಮೇಜಿನ ಹತ್ತಿರ ಕೂತುಕೊಳ್ಳಿ. ಅಲ್ಲಿ ಅರ್ಥವಾದ ಮಗು ಎದ್ದು ಚಿತ್ರದ ಮೇಜಿಗೆ ಹೋಗಲಿ. ಗುಂಪು ಈ ವಾರದ ಈ ಲೆಕ್ಕಕ್ಕೆ ಮಾತ್ರ. ಮುಂದಿನ ವಾರ ಚೀಟಿ ಬೇರೆ, ಗುಂಪೂ ಬೇರೆ.

ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವವರಿಗೂ ಇದು ಹೊಂದುತ್ತದೆ. ಪತ್ತೇದಾರಿ ಮೇಜಿಗೆ ಮೇಲಿನ ತರಗತಿಯ ಮಕ್ಕಳನ್ನು ಸೇರಿಸಿ.

ವಾತಾವರಣ ಬೆಚ್ಚಗಿದ್ದರೆ ಬುಧವಾರಕ್ಕೆ ಹೆಸರುಕಾಳಿನ ಬೇರು ಇಣುಕಿರುತ್ತದೆ. ಚಳಿ ಇದ್ದರೆ ಒಂದೆರಡು ದಿನ ತಡ, ಅಂಥ ಕಾಲದಲ್ಲಿ ಹಿಂದಿನ ಶುಕ್ರವಾರವೇ ಲೋಟ ಇಟ್ಟುಬಿಡಿ. ಕತ್ತಲ ಡಬ್ಬಿ ತೆಗೆದಾಗ ತರಗತಿಯಲ್ಲಿ ಗದ್ದಲ ಆಗುತ್ತದೆ, ಯಾಕಂದರೆ ಅಲ್ಲೂ ಮೊಳಕೆ ಬಂದಿರುತ್ತದೆ. ನೀವೇ ಬದಲಾಯಿಸಿದ್ದೀರಿ ಅಂತ ವಾದ ಮಾಡುವ ಮಗುವೂ ಇರುತ್ತದೆ. ಆಗ ವಿವರಣೆ ಕೊಡಬೇಡಿ. "ಬೆಳಕಿಲ್ಲದೆ ಬೆಳೆಯೋಕೆ ಆಹಾರ ಎಲ್ಲಿಂದ ಸಿಕ್ತು?" ಅಂತ ಕೇಳಿ ಬಿಟ್ಟುಬಿಡಿ. ನೀರು ಕುಡಿದು ಉಬ್ಬಿದ ಒಂದು ಕಾಳನ್ನು ಉಗುರಿನಿಂದ ಎರಡು ಹೋಳು ಮಾಡಿ ನೋಡಲಿ. ಹೋಳುಗಳ ನಡುವೆ ಪುಟ್ಟ ಗಿಡ ಮಲಗಿರುವುದು ಕಾಣುತ್ತದೆ. ಆ ದಪ್ಪ ಹೋಳುಗಳೇ ಅದರ ಬುತ್ತಿ ಅಂತ ಯಾರಾದರೂ ಹೇಳುವವರೆಗೆ ಕಾಯಿರಿ. ಬೀಜ ಮುಟ್ಟಿದ ಮೇಲೆ ಕೈ ತೊಳೆಸಿ, ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

## ಗುರುವಾರ: ಮೊದಲು ಮಾತು, ಆಮೇಲೆ ಬರಹ

ದಿನ ಶುರುವಾದ ಕೂಡಲೇ ಪುಸ್ತಕ ಮುಚ್ಚಿಸಿ, ಬುಧವಾರ ಕಲಿತದ್ದರಲ್ಲಿ ಮೂರು ವಿಷಯ ನೆನಪಿನಿಂದ ಬರೆಸಿ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವುದು ಹೆಚ್ಚು ಕಾಲ ಉಳಿಯುತ್ತದೆ ಅಂತ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಜೊತೆ ಮಾಡಿದ ಪ್ರಯೋಗದಲ್ಲಿ ಕಂಡರು. ತಮಾಷೆ ಏನೆಂದರೆ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ ಲೆಕ್ಕ ಉಲ್ಟಾ ಆಗಿತ್ತು. ಪಾಠ ಮುಗಿದ ತಕ್ಷಣ "ಅರ್ಥ ಆಯ್ತಾ?" ಅಂತ ಕೇಳಿ "ಆಯ್ತು" ಅನ್ನಿಸಿಕೊಂಡರೆ ನಂಬಬೇಡಿ ಅನ್ನೋದು ಇದಕ್ಕೇ.

ಬರವಣಿಗೆಗೆ ವಿಷಯ ಹುಡುಕಬೇಕಿಲ್ಲ, ಕಿಟಕಿ ಬಳಿ ನಾಲ್ಕು ಲೋಟ ಕೂತಿವೆ. ಮಗು ಮೊದಲು ಪಕ್ಕದವರಿಗೆ ಹೇಳಲಿ: ಏನು ಇಟ್ಟೆವು, ಏನು ಅಂದುಕೊಂಡಿದ್ದೆ, ಏನಾಯಿತು. ಹೇಳಿದ್ದನ್ನೇ ಐದು ವಾಕ್ಯವಾಗಿ ಬರೆಯಲಿ. ಹತ್ತಿ, ಬೆಳಕು, ಕತ್ತಲು, ಮೊಳಕೆ, ಚಿಕ್ಕ, ಉದ್ದ, ಮುಚ್ಚಿದ, ಒದ್ದೆ ಅನ್ನುವ ಪದಗಳನ್ನು ಹಲಗೆಯ ಮೇಲೆ ಬರೆದಿಡಿ. ಬೇಕಾದ ಒತ್ತಕ್ಷರವೆಲ್ಲ ಇದರಲ್ಲೇ ಸಿಗುತ್ತದೆ.

ತಿದ್ದುವಾಗ ಒತ್ತಕ್ಷರ ಒಂದನ್ನೇ ತಿದ್ದಿ. ದೀರ್ಘ, ವಿರಾಮಚಿಹ್ನೆ, ಅಕ್ಷರದ ಅಂದ ಎಲ್ಲವನ್ನೂ ಕೆಂಪು ಮಾಡಿ ಕೊಟ್ಟರೆ ಮುಂದಿನ ಸಲ ಆ ಮಗು ತಪ್ಪಾಗದ ಎರಡೇ ಸಾಲು ಬರೆದು ಮುಗಿಸುತ್ತದೆ. ಪಾಲಕರು ಬಂದು "ಇದನ್ನು ಯಾಕೆ ತಿದ್ದಿಲ್ಲ?" ಅಂತ ಕೇಳಬಹುದು. ಈ ವಾರ ಯಾವುದರ ಸರದಿ ಅಂತ ಹಾಳೆಯ ಮೇಲೇ ಬರೆದಿಡಿ, ತಕರಾರು ಕಡಿಮೆಯಾಗುತ್ತದೆ.

ಗಣಿತಕ್ಕೆ ಹತ್ತು ನಿಮಿಷ, ನಾಲ್ಕೇ ಲೆಕ್ಕ. ಅದರಲ್ಲಿ ಒಂದು ಕಟ್ಟು ಬಿಚ್ಚುವ ಅಗತ್ಯವೇ ಇಲ್ಲದ್ದು ಇರಲಿ, ಉದಾಹರಣೆಗೆ 67 − 24. ಎಲ್ಲದರಲ್ಲೂ ಕಣ್ಣು ಮುಚ್ಚಿ ಬಿಚ್ಚುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

## ಶುಕ್ರವಾರ

ಮೊದಲೇ ಬರೆದಿಟ್ಟ ಮೂರು ಪ್ರಶ್ನೆ ಕೊಡಿ. ಮುಗಿದ ಮೇಲೆ ಸೋಮವಾರದ ಚೀಟಿ ಅವರ ಕೈಗೆ ಕೊಡಿ, ಪಕ್ಕಪಕ್ಕ ಇಟ್ಟು ನೋಡಲಿ. 53 − 27 ಎರಡು ಚೀಟಿಯಲ್ಲೂ ಇದೆ. ಪಕ್ಕದವರಿಗಿಂತ ಎಷ್ಟು ಹೆಚ್ಚು ಅಂತ ಹೋಲಿಸುವ ಮಕ್ಕಳು ಅಂದು ತಮ್ಮದೇ ಹಳೆಯ ಚೀಟಿಯ ಜೊತೆ ಹೋಲಿಸಿಕೊಳ್ಳುತ್ತಾರೆ.

ಗೋಡೆಯ ಊಹೆಯ ಹಾಳೆಯ ಮುಂದೆ ಎಲ್ಲರನ್ನೂ ಕೂರಿಸಿ. ಒಣ ಹತ್ತಿಯದ್ದು ಹಾಗೇ ಇದೆ. ಮುಳುಗಿದ ಲೋಟದ್ದು ಉಬ್ಬಿ, ಕೆಲವು ಬೇರು ತೋರಿಸಿ ಅಲ್ಲಿಗೇ ನಿಂತಿರುತ್ತವೆ, ನೀರು ವಾಸನೆ ಬರುತ್ತಿರಬಹುದು. ಗಾಳಿ ಸಾಲದು. ಕತ್ತಲಿನದ್ದು ಬೆಳಕಿನದ್ದಕ್ಕಿಂತ ಉದ್ದ ಬೆಳೆದಿದೆ, ಆದರೆ ಬಿಳಿಚಿಕೊಂಡಿದೆ. ಉದ್ದ ಇದ್ದರೆ ಆರೋಗ್ಯ ಅಂತ ಕೆಲವರು ವಾದಿಸುತ್ತಾರೆ. ಹಾಗಾದರೆ ಆ ಸಸಿಯನ್ನು ಇನ್ನೂ ಒಂದು ವಾರ ಕತ್ತಲಲ್ಲೇ ಇಟ್ಟು, ಇನ್ನೊಂದನ್ನು ಬೆಳಕಿಗೆ ತಂದು ನೋಡೋಣ ಅಂತ ಮಕ್ಕಳೇ ಹೇಳಿದರೆ ಮುಂದಿನ ವಾರದ ಪರಿಸರ ಪಾಠ ಸಿಕ್ಕಿದ ಹಾಗೆ.

ನಡುವೆ ರಜೆ ಬಂದು ಒಂದು ದಿನ ಹೋದರೆ ಗುರುವಾರದ ಗಣಿತ ಬಿಡಿ, ಗದ್ಯದ ಮರು ಓದು ಬಿಡಿ. ಚೀಟಿ ಮತ್ತು ಬುಧವಾರದ ಖಾಲಿ ಜಾಗ ಮಾತ್ರ ಕೈಬಿಡಬೇಡಿ. ಶನಿವಾರವೂ ತರಗತಿ ಇದ್ದರೆ ಹೊಸದೇನೂ ಬೇಡ, ಮಕ್ಕಳು ತಮ್ಮ ಬರಹವನ್ನು ಬೇರೆ ತರಗತಿಗೆ ಹೋಗಿ ಓದಿ ಬರಲಿ.

## ಮನೆಗೆ ಹೊರಡುವ ಮೊದಲು

ಹತ್ತು ನಿಮಿಷ ಕೂತು ಎರಡು ಪಟ್ಟಿ ಮಾಡಿ. ಒಂದರಲ್ಲಿ ಇನ್ನೂ ಕಡ್ಡಿ ಬೇಕಾದ ಮಕ್ಕಳ ಹೆಸರು. ಇವರಿಗೆ ಮುಂದಿನ ವಾರ ದಿನಾ ಬೆಳಿಗ್ಗೆ ಐದು ನಿಮಿಷ. ಇನ್ನೊಂದರಲ್ಲಿ ಈ ವಾರದ ಒಂದು ವ್ಯವಕಲನ, ಒಂದು ಒತ್ತಕ್ಷರದ ವಾಕ್ಯ, ಬೀಜದ ಬಗ್ಗೆ ಒಂದು ಪ್ರಶ್ನೆ. ಆ ಮೂರನ್ನೂ ಎರಡು ವಾರದ ನಂತರದ ಸೋಮವಾರದ ಖಾನೆಯಲ್ಲಿ ಈಗಲೇ ಬರೆದಿಡಿ.